ಇಬ್ಬರು ಸಾಕಿತ್ತು

ಗಿರಣಿಯ ಮೋಟರು ಸುಟ್ಟದ್ದು ಬೆಳಗ್ಗೆ, ಮೇಷ್ಟ್ರ ಮನೆಯ ಗೋಧಿ ಅರ್ಧ ಹಿಟ್ಟಾಗಿ ಇನ್ನರ್ಧ ಗೋಧಿಯಾಗಿಯೇ ಇದ್ದಾಗ. ಮೊದಲು ಮೋಟರು ಕೆಮ್ಮಿತು, ಆಮೇಲೆ ಸುಟ್ಟ ರಬ್ಬರಿನ ವಾಸನೆ ಬಂತು, ಆಮೇಲೆ ಸದ್ದೇ ಇಲ್ಲ. ವರ್ಷಗಟ್ಟಲೆ ಆ ಗಡಗಡಕ್ಕೆ ಒಗ್ಗಿಹೋಗಿದ್ದ ಊರಿನವರು, ಸದ್ದು ನಿಂತದ್ದಕ್ಕೇ ಬೆಚ್ಚಿ ಮನೆಯಿಂದ ಹೊರಗೆ ಬಂದು ನೋಡಿದರು. ಎದುರಂಗಡಿಯ ಟೈಲರ್ ಕುತ್ತಿಗೆಯ ಟೇಪನ್ನೂ ತೆಗೆಯದೆ ಓಡಿಬಂದು, "ಏನಾಯ್ತೋ? ಯಾರಿಗೇನಾಯ್ತೋ?" ಎಂದ.

"ಯಾರಿಗೂ ಏನೂ ಆಗಿಲ್ಲ. ನನಗೇ ಆಗಿರೋದು," ಎಂದ ಗಿರಣಿಯಣ್ಣ.

ಊರಿಗೆಲ್ಲ ಅವನು ಗಿರಣಿಯಣ್ಣನೇ. ಅವನಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ತಲೆ, ಹುಬ್ಬು, ಕಿವಿಯ ಮೇಲಿನ ಕೂದಲು ಎಲ್ಲ ಸದಾ ಹಿಟ್ಟು ಮೆತ್ತಿ ಬೆಳ್ಳಗಿರುತ್ತಿದ್ದುದರಿಂದ ಅವನಿಗೆ ನಿಜವಾದ ಮುಪ್ಪು ಬಂದಿದೆಯೋ ಇಲ್ಲವೋ ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಫೋನು ಮಾಡಿದ ಅರ್ಧ ಗಂಟೆಗೆ ಮೋಟರು ರಿಪೇರಿಯ ಮೆಕ್ಯಾನಿಕ್ ತನ್ನ ವ್ಯಾನಿನಲ್ಲಿ ಬಂದ. ಮುಚ್ಚಳ ಬಿಚ್ಚಿ, ಮೂಸಿ, ಹೆಣ ನೋಡಿದ ಡಾಕ್ಟರಂತೆ ತಲೆಯಾಡಿಸಿದ. "ಇದರ ಕಥೆ ಮುಗೀತು. ಆದ್ರೆ ನನ್ನ ವ್ಯಾನಲ್ಲಿ ಇನ್ನೊಂದಿದೆ. ಹಳೇದು, ಆದ್ರೆ ಗಟ್ಟಿ. ಮೂವತ್ತು ಸಾವಿರ."

"ಇಳಿಸಿ ಮತ್ತೆ!"

"ಹಣ?"

ಗಿರಣಿಯಣ್ಣ ತಲೆ ಕೆರೆದುಕೊಂಡ, ಹಿಟ್ಟು ಉದುರಿತು. ಹೋದ ತಿಂಗಳಷ್ಟೇ ಬೀಸುವ ಕಲ್ಲು ಬದಲಾಯಿಸಿ ಕೈ ಬರಿದು ಮಾಡಿಕೊಂಡಿದ್ದ.

"ಇದನ್ನ ಪಕ್ಕದೂರಿನ ಹೊಸ ಗಿರಣಿಯವರು ಕೇಳಿದ್ದಾರೆ," ಎಂದ ಮೆಕ್ಯಾನಿಕ್. "ಎರಡನೇ ಗಿರಣಿ ಹಾಕ್ತಾರಂತೆ. ಮನೆ ಬಾಗಿಲಿಗೇ ಬಂದು ಚೀಲ ತಗೊಂಡು ಹೋಗಿ, ಹಿಟ್ಟು ಮಾಡಿ ತಂದುಕೊಡ್ತಾರಂತೆ. ನಾನು ಸಂಜೆ ಇದೇ ದಾರೀಲಿ ಹೋಗ್ತೀನಿ. ಆಗ ಹಣ ಇದ್ರೆ ಮೋಟರು ಇಲ್ಲಿಳಿಯುತ್ತೆ. ಇಲ್ಲಾಂದ್ರೆ ಅಲ್ಲಿ."

ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ಒಂದು ವಾರ ಪಕ್ಕದೂರಿಗೆ ಹೋದ ಚೀಲ ಮತ್ತೆ ಈ ಕಡೆ ಮುಖ ಹಾಕುವುದಿಲ್ಲ ಎಂಬುದು ಗಿರಣಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

"ಯೋಚನೆ ಯಾಕೆ?" ಎಂದ ಟೈಲರ್. ಬೇರೆಯವರಿಗೆ ಕಷ್ಟ ಬಂದರೆ ಅವನ ಹೊಲಿಗೆ ಮಿಷನ್ನಿಗೆ ರಜೆ. "ಈ ಕಾಲದಲ್ಲಿ ಸಾಲ ಅಂದ್ರೆ ಫೋನಲ್ಲೇ ಸಿಗುತ್ತೆ. ಮುಖ ತೋರಿಸಿದ್ರೆ ಸಾಕು."

ಮೊದಲು ಪೇಟೆಯ ಬ್ಯಾಂಕಿಗೆ ಫೋನು ಮಾಡಿದರು. ಅಲ್ಲಿಯ ಮ್ಯಾನೇಜರು ಬಹಳ ಮರ್ಯಾದೆಯಿಂದ ಮೂರು ವರ್ಷದ ಲೆಕ್ಕಪತ್ರ ತರಲು ಹೇಳಿದರು. "ನಮ್ಮ ಲೆಕ್ಕ ಎಲ್ಲ ಬಾಯಲ್ಲೇ ಸಾರ್. ಬೇಕಾದ್ರೆ ಹೇಳ್ತೀನಿ, ಬರ್ಕೊಳ್ಳಿ," ಎಂದ ಗಿರಣಿಯಣ್ಣ. ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು.

ಆಮೇಲೆ ಫೋನಿನ ಸಾಲ. ಟೈಲರ್ ಯಾವುದೋ ಆ್ಯಪು ತೆರೆದು ಗಿರಣಿಯಣ್ಣನ ಮುಖದ ಮುಂದೆ ಹಿಡಿದ. "ಮುಖ ಕಾಣಿಸುತ್ತಿಲ್ಲ" ಎಂದು ಬಂತು. ಬಿಸಿಲಿಗೆ ಕರೆತಂದ. ಆಗಲೂ ಕಾಣಿಸಲಿಲ್ಲ. "ನಿನ್ನನ್ನ ಗೋಡೆ ಅಂದ್ಕೊಂಡಿದೆ ಕಣೋ. ಮುಖ ತೊಳ್ಕೊಂಡು ಬಾ," ಎಂದ. ಗಿರಣಿಯಣ್ಣ ಸೋಪು ಹಾಕಿ ತಿಕ್ಕಿ ತೊಳೆದು ಬಂದಾಗ ಎದುರಿಗೆ ಬಂದ ಅವನ ಹೆಂಡತಿಯೇ ಒಂದು ಕ್ಷಣ ತಡೆದು, "ಯಾರು ಬೇಕಿತ್ತು?" ಎಂದಳು. ಈಗ ಫೋನಿಗೆ ಮುಖ ಕಾಣಿಸಿತು. ಆದರೆ ಗುರುತಿನ ಚೀಟಿಯ ಫೋಟೋಗೂ ಈ ಮುಖಕ್ಕೂ ಹೊಂದಿಕೆಯಿಲ್ಲ, ನೀವು ಬೇರೊಬ್ಬರ ಹೆಸರಿನಲ್ಲಿ ಸಾಲ ಕೇಳುತ್ತಿದ್ದೀರಿ ಎಂದು ಗದರಿಸಿತು. ಚೀಟಿಯಲ್ಲಿದ್ದದ್ದು ಹಿಟ್ಟಿನ ಮುಖ.

"ಮತ್ತೆ ಸ್ವಲ್ಪ ಹಿಟ್ಟು ಹಚ್ಕೋ, ಹದವಾಗಿ," ಎಂದು ಟೈಲರ್ ಹೇಳುತ್ತಿರುವಾಗಲೇ ಗಿರಣಿಯಣ್ಣ ಎದ್ದು ನಡೆದಿದ್ದ.

ಸಿಮೆಂಟು ಅಂಗಡಿಯ ಧಣಿ ಬಡ್ಡಿಗೆ ಹಣ ಕೊಡುತ್ತಾನೆಂಬುದು ಗುಟ್ಟಿನ ವಿಷಯವೇನಲ್ಲ. ಸಿಮೆಂಟು ಮಾರುವುದೇ ಅವನ ಉಪಕಸುಬು. ಗಿರಣಿಯಣ್ಣನನ್ನು ಕೂರಿಸಿ, ಟೀ ಕುಡಿಸಿ, ನಯವಾಗಿ ಹೇಳಿದ: "ನೀನು ಮನೆಯವನಿದ್ದ ಹಾಗೆ. ಮೊದಲ ಮೂರು ತಿಂಗಳ ಬಡ್ಡಿ ಈಗಲೇ ಮುರ್ಕೋತೀನಿ. ಗಿರಣೀನ ಸುಮ್ಮನೆ ಒಂದು ಮಾತಿಗೆ ನನ್ನ ಹೆಸರಿಗೆ ಬರೆದುಕೊಡು. ಸಾಲ ತೀರಿದ ದಿನ ನಿನ್ನದು ನಿನಗೆ."

"ತೀರದಿದ್ರೆ?"

"ಛೆ, ಒಳ್ಳೇ ಕೆಲಸಕ್ಕೆ ಕೂತಾಗ ಅಂಥ ಮಾತು ಯಾಕಪ್ಪಾ?"

ಗಿರಣಿಯಣ್ಣ ಟೀ ಲೋಟ ಕೆಳಗಿಟ್ಟು, ಕೈಮುಗಿದು ಹೊರಗೆ ಬಂದ. ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತದ್ದು ನೋಡಿ ಹೆಂಡತಿ ಹೇಳಿದಳು: "ಅಲ್ರೀ, ವಾರ ವಾರ ನಮ್ಮ ಉಳಿತಾಯ ಸಂಘಕ್ಕೆ ಹಣ ಕಟ್ತೀರಲ್ಲ, ಅಲ್ಲಿ ಕೇಳೋಕೇನು? ಇವತ್ತು ಮಧ್ಯಾಹ್ನವೇ ಸಭೆ ಇದೆ."

"ಜಾಮೀನು ಬೇಕಲ್ಲೇ."

"ಇಬ್ಬರು ತಾನೇ? ಊರೆಲ್ಲ ನಿಮ್ಮ ಬಾಗಿಲಲ್ಲೇ ಇರುತ್ತೆ. ಇಬ್ಬರು ಸಿಗೋಲ್ವಾ?"

ಸಂಘದ ಪದ್ಧತಿ ಹೀಗಿತ್ತು. ಕಾಗದ ಪತ್ರ ಬೇಡ, ಆಸ್ತಿ ಅಡವಿಡುವುದು ಬೇಡ. ಸಾಲ ಕೇಳುವವನ ಪರವಾಗಿ ಇಬ್ಬರು ಸದಸ್ಯರು ಸಭೆಯಲ್ಲಿ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಇವನು ಕಟ್ಟದಿದ್ದರೆ ನಾನು ಕಟ್ಟುತ್ತೇನೆ," ಎನ್ನಬೇಕು. ಹಾಗೆ ಹೇಳುವವರ ತಲೆಯ ಮೇಲೆ ಸಂಘದ ಸಾಲ ಇರಬಾರದು. ಇಷ್ಟೇ. ಕೇಳುವುದಕ್ಕೆ ಬಹಳ ಸುಲಭ.

ಗಿರಣಿಯಣ್ಣ ಮೊದಲು ಹೋದದ್ದು ಹೆಂಡತಿಯ ತಮ್ಮನ ಮನೆಗೆ. ಬಾಮೈದ ಕಣ್ಣಲ್ಲಿ ನೀರು ತಂದುಕೊಂಡ. "ಭಾವಾ, ನಾನೇ ಸಂಘದಲ್ಲಿ ಸ್ಕೂಟರಿಗೆ ಸಾಲ ಮಾಡಿದೀನಿ. ಹಾಗಾಗಿ ನಾನು ನಿಲ್ಲೋ ಹಾಗಿಲ್ಲ. ಇಲ್ಲದಿದ್ರೆ ನನ್ನನ್ನ ಕೇಳೋದೇ ಬೇಕಿರಲಿಲ್ಲ." ಆ ಸ್ಕೂಟರ್ ಸಾಲ ಇರುವುದಕ್ಕೆ ಅವನಿಗೆ ಅಂದಿನಷ್ಟು ಸಮಾಧಾನ ಎಂದೂ ಆಗಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಮೇಷ್ಟ್ರ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ನಿಲ್ಲೋದಿಲ್ಲ ಅಂತ ಅಲ್ಲ. ನಿಲ್ತೀನಿ ಅಂತಲೂ ಅಲ್ಲ. ಜಾಮೀನು ಅನ್ನೋದು ಒಂದು ತತ್ವ. ಅದನ್ನ ಎಲ್ಲ ದಿಕ್ಕಿಂದ ನೋಡಬೇಕಾಗುತ್ತೆ." ಎಲ್ಲ ದಿಕ್ಕಿನಿಂದಲೂ ನೋಡಿ ಮುಗಿಸಿ, "ಅಂದ ಹಾಗೆ ನಮ್ಮ ಗೋಧಿ ಯಾವಾಗ ಆಗುತ್ತೆ?" ಎಂದರು.

ಟೈಲರ್ ಎದೆ ಮುಟ್ಟಿಕೊಂಡು ಹೇಳಿದ: "ನಿನಗೆ ಪ್ರಾಣ ಬೇಕಾ ಕೇಳು, ಕೊಡ್ತೀನಿ. ಜಾಮೀನು ಮಾತ್ರ ಕೇಳಬೇಡ. ನಮ್ಮಪ್ಪ ಸಾಯುವಾಗ ಹೇಳಿದ್ದ, 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಅಂತ."

"ನಾನೇನು ನಿನ್ನ ಹತ್ರ ಇಸ್ಕೋತಾ ಇದೀನಾ?"

"ಅದೂ ನಿಜವೇ," ಎಂದು ಟೈಲರ್ ಒಪ್ಪಿಕೊಂಡು, ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದ.

ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಮುಂದೆ ಹೋಗಿತ್ತು. ಗಿರಣಿಯಣ್ಣ ಬೀದಿಗೆ ಕಾಲಿಟ್ಟರೆ ಸಾಕು, ಊರಿಗೆ ಊರೇ ಕೆಲಸದಲ್ಲಿ ಮುಳುಗುತ್ತಿತ್ತು. ದಿನವಿಡೀ ಜಗಲಿಯ ಮೇಲೆ ಒರಗಿರುತ್ತಿದ್ದವನು ಒಳಗೆ ಹೋಗಿ ಕಟ್ಟಿಗೆ ಒಡೆಯತೊಡಗಿದ. ಚಾವಣಿ ಹತ್ತಿ ಹೆಂಚು ಸರಿಮಾಡುತ್ತಿದ್ದವನೊಬ್ಬ ಇಳಿಯಲೇ ಇಲ್ಲ.

ಗಿರಣಿಯಣ್ಣ ಮುಚ್ಚಿದ ಬಾಗಿಲುಗಳ ಮುಂದೆ ನಡೆದ. ಈ ಮನೆಗಳೆಲ್ಲ ಅವನಿಗೆ ಗೊತ್ತು. ಯಾವ ಮನೆಗೆ ತರಿ ಬೇಕು, ಯಾವ ಮನೆಗೆ ನುಣುಪು ಬೇಕು ಎಂದು ಗೊತ್ತು. ಚೀಲ ದಪ್ಪವಾದರೆ ಆ ಮನೆಗೆ ನೆಂಟರು ಬಂದಿದ್ದಾರೆ, ಚೀಲ ತೆಳ್ಳಗಾದರೆ ಕಷ್ಟ ಬಂದಿದೆ. ತೆಳ್ಳಗಾದಾಗ ಅವನು ತೂಕದ ಕಡೆ ನೋಡದೆ ಕೂಲಿ ಕಡಿಮೆ ಹೇಳುತ್ತಿದ್ದ. ಅದನ್ನು ಯಾರಿಗೂ ಹೇಳಿದವನಲ್ಲ. ತನಗೆ ಊರು ಗೊತ್ತು ಎಂದರೆ ಊರಿಗೂ ತಾನು ಗೊತ್ತು ಎಂದು ಇಷ್ಟು ವರ್ಷ ತಿಳಿದಿದ್ದ. ಒಬ್ಬ ಮನುಷ್ಯನ ಬೆಲೆ ಎಷ್ಟು ಎಂದು ತಿಳಿಯಲು ಅವನ ಪರವಾಗಿ ಒಂದು ಮಾತು ಹೇಳುವವರನ್ನು ಹುಡುಕಿ ನೋಡಬೇಕು. ಹುಡುಕದೆ ಇದ್ದುಬಿಡುವುದೇ ವಾಸಿ ಎಂದು ಅವನಿಗೆ ಅನ್ನಿಸಿತು. ನಾಚಿಕೆಯಾಯಿತು. ಸಾಲ ಕೇಳುವುದಕ್ಕಲ್ಲ, ಇಷ್ಟು ದಿನ ಅಷ್ಟು ಧೈರ್ಯವಾಗಿ ಇದ್ದದ್ದಕ್ಕೆ.

ತಿರುಗಿ ಬಂದು ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಅಲ್ಲಿ ಮೊಟ್ಟೆ ಮಾರುವ ಅಜ್ಜಿ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಒಬ್ಬಂಟಿ ಹೆಂಗಸು, ಸಂಘಕ್ಕೂ ವಾರ ವಾರ ಕಟ್ಟುವವಳು, ಅವಳ ಚೀಲ ಊರಿಗೆಲ್ಲ ಚಿಕ್ಕದು.

"ಮುಖ ಯಾಕೆ ಹೀಗೆ ತೊಳ್ಕೊಂಡಿದ್ದೀಯ? ಹುಷಾರಿಲ್ವಾ?" ಎಂದು ಕೇಳಿದಳು.

ಗಿರಣಿಯಣ್ಣ ಎಲ್ಲವನ್ನೂ ಹೇಳಿದ. ಅಜ್ಜಿಯನ್ನು ಕೇಳಬೇಕೆಂದಲ್ಲ, ಕೇಳುವ ಕಿವಿ ಸಿಕ್ಕಿತೆಂದು.

"ಅಲ್ಲಿ ಏನು ಹೇಳಬೇಕು? ಅವನು ಕಟ್ಟದಿದ್ರೆ ನಾನು ಕಟ್ತೀನಿ ಅಂತ ತಾನೇ?"

"ಹೂಂ, ಅಷ್ಟೇ ಅಜ್ಜಿ."

"ಹೇಳ್ತೀನಿ ಬಿಡು. ಹೇಗಿದ್ರೂ ನೀನು ಕಟ್ತೀಯ."

ಗಿರಣಿಯಣ್ಣ ಎದ್ದು ಕೈಮುಗಿದ. ಬೆಳಗಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಬಂತು. "ಅಜ್ಜೀ, ನಿಮ್ಮ ಋಣ ಹೇಗೆ ತೀರಿಸಲಿ? ಈ ಸಾಲ ತೀರೋ ತನಕ ಜಾಮೀನು ನಿಂತವರ ಹತ್ರ ನಾನು ಬೀಸೋ ಕೂಲಿ ಮುಟ್ಟೋದಿಲ್ಲ. ಇದು ನನ್ನ ಮಾತು!" ಎಂದು ಗಟ್ಟಿಯಾಗಿಯೇ ಹೇಳಿದ.

"ಹುಚ್ಚಪ್ಪ," ಎಂದು ಅಜ್ಜಿ ಬುಟ್ಟಿ ಎತ್ತಿಕೊಂಡಳು. ಒಳಗೆ ಹೊಲಿಗೆ ಮಿಷನ್ನಿನ ಸದ್ದು ಯಾವಾಗಲೋ ನಿಂತಿತ್ತು.

ಸಭೆ ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ. ಕ್ಯಾನುಗಳನ್ನು ಮೂಲೆಗೆ ಸರಿಸಿ ಚಾಪೆ ಹಾಸಿದ್ದರು. ಅಂದು ಜನ ಎಂದಿಗಿಂತ ಹೆಚ್ಚು. ಜಾಗ ಸಾಲದೆ ಕೆಲವರು ಕ್ಯಾನುಗಳ ಮೇಲೇ ಕೂತಿದ್ದರು. ತನ್ನ ಅವಮಾನ ನೋಡಲು ಇಷ್ಟು ಜನವೇ ಎಂದು ಗಿರಣಿಯಣ್ಣ ಗೋಡೆಗೆ ಅಂಟಿಕೊಂಡು ನಿಂತ. ಒಂದು ಜಾಮೀನಿದೆ, ಇನ್ನೊಂದಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ವ್ಯಾನು ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಸಂಘದ ಕಾರ್ಯದರ್ಶಿ ಕನ್ನಡಕ ಏರಿಸಿ ಕೇಳಿದರು: "ಗಿರಣಿಯವರಿಗೆ ಮೂವತ್ತು ಸಾವಿರ. ಯಾರು ಜಾಮೀನು?"

ಮೊಟ್ಟೆ ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. "ಇವನು ಕಟ್ಟದಿದ್ರೆ ನಾನು ಕಟ್ತೀನಿ."

"ಇನ್ನೊಬ್ಬರು?"

ಗಿರಣಿಯಣ್ಣ ನೆಲ ನೋಡಿದ.

"ನಾನು ಕಟ್ತೀನಿ!" ಎಂದ ಟೈಲರ್, ಎದ್ದು ನಿಂತು.

ಗಿರಣಿಯಣ್ಣನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಕಾರ್ಯದರ್ಶಿ, "ಆಯ್ತು, ಇಬ್ಬರಾದರು," ಎನ್ನುವಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದರು. "ನಾನೂ ಇದ್ದೇನೆ." ಅವರ ಹಿಂದೆ ಕಟ್ಟಿಗೆ ಒಡೆಯುತ್ತಿದ್ದವನು ಎದ್ದ. ಹೆಂಚಿನ ಮೇಲಿದ್ದವನೂ ಅಂತೂ ಇಳಿದು ಬಂದಿದ್ದ, ಅವನೂ ಎದ್ದ. ಆಮೇಲೆ ಸಾಲು ಸಾಲಾಗಿ ಎದ್ದರು.

"ಇಬ್ಬರು ಸಾಕ್ರೀ! ಇಬ್ಬರು ಸಾಕು!" ಎಂದು ಕಾರ್ಯದರ್ಶಿ ಕೂಗಿದರು.

"ಅದ್ಯಾಕೆ? ನಾವೇನು ಮನುಷ್ಯರಲ್ವಾ?" ಎಂದು ಹಿಂದಿನಿಂದ ಒಬ್ಬರು ರೇಗಿದರು. "ನಮ್ಮ ಹೆಸರೂ ಬರ್ಕೊಳ್ಳಿ. ಒಬ್ಬರನ್ನ ಬಿಟ್ರೂ ಸರಿಯಿರಲ್ಲ."

ಕಾರ್ಯದರ್ಶಿ ಬೆವರು ಒರೆಸಿಕೊಂಡು ಬರೆದರು. ಒಟ್ಟು ಮೂವತ್ತೊಂದು ಜಾಮೀನು. "ಸಂಘ ಶುರುವಾದಾಗಿಂದ ಇಂಥದ್ದು ಕಂಡಿಲ್ಲ. ಇವರು ಕಟ್ಟದಿದ್ರೆ ಸಾಲ ಎಲ್ಲರ ತಲೆಗೂ ಸಮವಾಗಿ ಬರುತ್ತೆ, ನೆನಪಿರಲಿ," ಎಂದರು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು.

ಹಣ ಕೈಗೆ ಬಂದಾಗ ಗಿರಣಿಯಣ್ಣ ಮಾತಾಡಲು ಹೋಗಿ ಅತ್ತುಬಿಟ್ಟ. ಬೆಳಗಿನಿಂದ ಊರಿನ ಬಗ್ಗೆ ಏನೇನು ಅಂದುಕೊಂಡೆನಲ್ಲ ಎಂದು ಅವನಿಗೆ ಸಂಕಟವಾಯಿತು. ಮನಸ್ಸಿನಲ್ಲೇ ಒಂದೊಂದು ಮನೆಗೂ ತಪ್ಪಾಯಿತೆಂದು ಹೇಳಿಕೊಂಡ. ಇಂಥ ಊರಿನಲ್ಲಿ ಬದುಕುವುದಕ್ಕೆ ಪುಣ್ಯ ಮಾಡಿರಬೇಕು.

ವ್ಯಾನು ಬಂತು, ಮೋಟರು ಇಳಿಯಿತು, ಬೆಲ್ಟು ಏರಿತು. ಹೊತ್ತು ಮುಳುಗುವ ಮುಂಚೆ ಗಿರಣಿ ಮತ್ತೆ ಗಡಗಡ ಎಂದಿತು. ಬಾಗಿಲಲ್ಲಿ ಆಗಲೇ ಸಾಲು ನಿಂತಿತ್ತು, ಮತ್ತು ಅಂದು ಎಲ್ಲರ ಚೀಲವೂ ದಪ್ಪ. ಊರಿಗೆಲ್ಲ ಒಟ್ಟಿಗೇ ನೆಂಟರು ಬಂದರೇ ಎಂದು ಗಿರಣಿಯಣ್ಣ ನಗುತ್ತಲೇ ಬೀಸಿದ.

ಟೈಲರ್ ತನ್ನ ಹಿಟ್ಟಿನ ಚೀಲ ಹೆಗಲಿಗೇರಿಸಿ, ಹಣದ ಡಬ್ಬಿಯ ಮುಂದೆ ಒಂದಿಷ್ಟೂ ತಡೆಯದೆ ಹೊರಟ.

"ಕೂಲಿ?" ಎಂದ ಗಿರಣಿಯಣ್ಣ.

ಟೈಲರ್ ತಿರುಗಿ ನೋಡಿದ. ಅವನ ಮುಖದಲ್ಲಿ ನಿಜವಾದ ನೋವಿತ್ತು. "ಜಾಮೀನು ನಿಂತವರ ಹತ್ರ ಕೂಲಿನಾ? ನೀನೇ ಮಾತು ಕೊಟ್ಟಿದ್ದೀಯ, ನಾನೇ ಕಿವಿಯಾರೆ ಕೇಳಿದೀನಿ. ನನಗೊಬ್ಬನಿಗೇ ಯಾಕೆ ಅಂತ ಎಲ್ಲರಿಗೂ ಹೇಳಿದೆ."

ಮೇಷ್ಟ್ರು ಈ ಸಲ ಒಂದೇ ದಿಕ್ಕಿನಿಂದ ನೋಡಿದರು. "ಮಾತು ಅಂದ್ರೆ ಮಾತು," ಎಂದು ಬೆಳಗಿನ ಅರ್ಧದ ಕೂಲಿಯನ್ನೂ ಕೊಡದೆ ಹಿಟ್ಟು ಹೊತ್ತುಕೊಂಡು ಹೋದರು. ಅವರ ಹಿಂದಿನವರು ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗಿರಣಿಯಣ್ಣ ಬೀಸುತ್ತಲೇ ಇದ್ದ. ಅವನ ಹುಬ್ಬು ಮತ್ತೆ ಬೆಳ್ಳಗಾಯಿತು.

ಬಾಮೈದ ಬಂದಾಗ ಅವನಿಗೆ ಸ್ವಲ್ಪ ಜೀವ ಬಂತು. ಇವನು ಜಾಮೀನು ನಿಂತಿಲ್ಲ. ಕೈ ಚಾಚಿದ.

"ಭಾವಾ!" ಎಂದ ಬಾಮೈದ. "ಯಾರೋ ಹೊರಗಿನವರಿಗೆಲ್ಲ ಬಿಟ್ಟಿ, ಸ್ವಂತ ಅಕ್ಕನ ಗಂಡ ನನ್ನ ಹತ್ರ ಕೂಲಿ ಕೇಳೋದಾ? ಅಕ್ಕನ್ನ ಕರೀಲಾ?"

ಕರೆಯುವುದು ಬೇಡವಾಯಿತು. ಆಮೇಲೆ ಕಾರ್ಯದರ್ಶಿಗಳೇ ಬಂದರು. ಸಂಘದ ಕಾರ್ಯದರ್ಶಿ ಜಾಮೀನು ನಿಲ್ಲುವ ಹಾಗಿಲ್ಲವಲ್ಲ ಎಂದು ಗಿರಣಿಯಣ್ಣ ಕೊನೆಯ ಆಸೆಯಿಂದ ನೋಡಿದ. ಅವರು ಚೀಲದ ಬಾಯಿ ಕಟ್ಟುತ್ತ, "ಬರೀ ಬಾಯಿಮಾತಲ್ಲಿ ನಿಂತವರಿಗೇ ಕೂಲಿ ಬಿಟ್ಟಿದ್ದೀರಿ. ಹಣವನ್ನೇ ಎಣಿಸಿ ಕೊಟ್ಟ ನನ್ನ ಹತ್ರ ತಗೋಳ್ಳೋಕೆ ನಿಮಗೆ ಮನಸ್ಸು ಬರುತ್ತಾ?" ಎಂದರು.

ಕೊನೆಗೆ ಸಾಲು ಕರಗಿತು. ಉಳಿದವಳು ಮೊಟ್ಟೆ ಅಜ್ಜಿ, ಅವಳ ಚಿಕ್ಕ ಚೀಲ. ಹಿಟ್ಟು ತುಂಬಿಕೊಂಡು ಸೆರಗಿನ ಗಂಟು ಬಿಚ್ಚಿ, ಕೂಲಿಯನ್ನು ಎಣಿಸಿ ಡಬ್ಬಿಗೆ ಹಾಕಿದಳು. ಖಾಲಿ ಡಬ್ಬಿ ದೊಡ್ಡದಾಗಿ ಸದ್ದು ಮಾಡಿತು.

"ಬೇಡ ಅಜ್ಜಿ. ನಾನು ಮಾತು ಕೊಟ್ಟಿದ್ದು ನಿಮಗೆ."

"ಇರಲಿ ಕಣಪ್ಪಾ."

ಗಿರಣಿಯಣ್ಣ ಚೀಲದ ಮೇಲೆ ಕೂತುಬಿಟ್ಟ. "ಅಜ್ಜೀ, ನೀವಾದ್ರೂ ಅವರಿಗೆ ಹೇಳಿ. ಇವರು ಕೂಲಿ ಕೊಡದಿದ್ರೆ ನಾನು ಕಂತು ಕಟ್ಟೋದು ಹೇಗೆ? ನಾನು ಕಟ್ಟದಿದ್ರೆ ಅದು ಅವರ ತಲೆಗೇ ತಾನೇ ಬರೋದು? ಇಷ್ಟೂ ತಿಳಿಯಲ್ವಾ?"

"ಹೇಳಿದೆ ಮಗಾ. ಸಭೆಗೆ ಹೋಗೋ ದಾರೀಲೇ ಹೇಳಿದೆ." ಅಜ್ಜಿ ನಿಟ್ಟುಸಿರು ಬಿಟ್ಟಳು. "ಅದನ್ನೂ ಅವರು ಲೆಕ್ಕ ಹಾಕಿಟ್ಟಿದ್ರು. ಮೇಷ್ಟ್ರೇ ಹಾಕಿಕೊಟ್ಟಿದ್ದು. ಇಬ್ಬರೇ ನಿಂತ್ರೆ ಮುಳುಗಿಹೋಗ್ತೀವಿ, ಊರೆಲ್ಲ ನಿಂತ್ರೆ ಒಬ್ಬೊಬ್ಬರ ತಲೆಗೆ ಬರೋದು ಒಂದು ವರ್ಷದ ಹಿಟ್ಟಿನ ಕೂಲಿಗಿಂತ ಕಮ್ಮಿಯಂತೆ. ನೀನು ಕಟ್ಟದಿದ್ರೂ ನಷ್ಟ ಇಲ್ಲ. ಕಟ್ಟೋದು ನಿಧಾನ ಆದಷ್ಟೂ ಒಳ್ಳೇದೇ ಅಂತೆ."

ಗಿರಣಿಯಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಭೆಯಲ್ಲಿ ಸುರಿಸಿದ ಕಣ್ಣೀರನ್ನಾದರೂ ವಾಪಸು ಕೇಳಬಹುದೇ ಎಂದು ಯೋಚಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಮತ್ತೆ ನೀವು ಯಾಕೆ ಕೊಡ್ತೀರಿ?"

"ನಂಗೆ ಅಷ್ಟು ದೊಡ್ಡ ಲೆಕ್ಕ ಬರಲ್ಲ ಕಣೋ. ಹಿಟ್ಟು ತಗೊಂಡೆ, ದುಡ್ಡು ಕೊಟ್ಟೆ." ಅಜ್ಜಿ ಚೀಲವನ್ನು ಬುಟ್ಟಿಯೊಳಗಿಟ್ಟು, ಬುಟ್ಟಿಯನ್ನು ಸೊಂಟಕ್ಕಿಟ್ಟು, ಮೆಟ್ಟಿಲಿಳಿದು ಹೋದಳು. ಅವಳು ಬೀದಿಯ ತಿರುವು ದಾಟುವ ತನಕ ಗಿರಣಿಯಣ್ಣ ನೋಡುತ್ತ ನಿಂತ. ಬೆಳಗ್ಗೆ ಅವನು ಹುಡುಕಿದ್ದು ಇಬ್ಬರನ್ನು. ನಿಜವಾಗಿ ಸಿಕ್ಕಿದ್ದು ಒಬ್ಬಳು.

ಗಿರಣಿಯ ಸ್ವಿಚ್ಚು ಆರಿಸಲು ಕೈ ಎತ್ತಿದಾಗ ಹೊರಗೆ ಗಾಡಿ ನಿಂತ ಸದ್ದಾಯಿತು. ಟೈಲರ್ ತಳ್ಳುಗಾಡಿಯಿಂದ ಚೀಲ ಇಳಿಸುತ್ತಿದ್ದ, ಗಾಡಿ ತುಂಬಿತ್ತು.

"ಇದು ಪಕ್ಕದೂರಿನ ನಮ್ಮಕ್ಕನದು," ಎಂದ ಅವನು, ಬಹಳ ಪ್ರೀತಿಯಿಂದ. "ಅಲ್ಲಿಯ ಗಿರಣೀನ ಎಲ್ಲರೂ ಬಿಟ್ಟುಬಿಡ್ತಾರಂತೆ. ಈಗ ಸದ್ಯಕ್ಕೆ ನನ್ನ ಹೆಸರಲ್ಲೇ ಬೀಸು. ಅವರೆಲ್ಲ ಮುಂದಿನ ವಾರ ನಮ್ಮ ಸಂಘಕ್ಕೆ ಸೇರ್ತಾರೆ. ನೀನು ಮುಂದಿನ ಸಾಲ ಯಾವಾಗ ತಗೋತೀಯ ಅಂತ ಕೇಳಿದ್ರು."